ಬೇಸ್‌ಮೆಂಟಿನ ತಿಪ್ಪೆ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಯ ಬೇಸ್‌ಮೆಂಟಿನಲ್ಲಿ ಏನೇನಿರುತ್ತದೆ ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. ಊರಿಗೆ ಹೋಗುವ ದಿನಕ್ಕಾಗಿ ಕಾಯುವ ಸೂಟ್‌ಕೇಸುಗಳು, ಸೋನಾ ಮಸೂರಿ ಅಕ್ಕಿಯ ಚೀಲ, ಗಣೇಶನ ಹಬ್ಬಕ್ಕೆ ಮಾಡಿದ ಥರ್ಮೊಕೋಲಿನ ಮಂಟಪ, ಒಂದು ತಿಂಗಳು ಓಡಿ ಆಮೇಲೆ ಬಟ್ಟೆ ಒಣಹಾಕುವ ಕೆಲಸಕ್ಕೆ ನಿಂತ ಟ್ರೆಡ್‌ಮಿಲ್ಲು. ನಮ್ಮ ಮನೆಯಲ್ಲಿ ಇವುಗಳ ಜೊತೆಗೆ ಸುಮಾರು ನಾಲ್ಕು ಸಾವಿರ ಎರೆಹುಳುಗಳೂ ಇವೆ. ಎಣಿಸಿದ್ದೀರಾ ಎಂದು ಕೇಳಬೇಡಿ. ಇದು ತೂಕದ ಲೆಕ್ಕ. ಒಂದು ಪೌಂಡಿಗೆ ಹೆಚ್ಚುಕಡಿಮೆ ಸಾವಿರ ಹುಳು ಎಂದು ಮಾರುವವರೂ ಹೇಳುತ್ತಾರೆ, ಪುಸ್ತಕಗಳೂ ಹೇಳುತ್ತವೆ.

ನಾವಿರುವುದು ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದ ಅಂಚಿನಲ್ಲಿ. ಹಿತ್ತಲಿನ ಬೇಲಿ ದಾಟಿದರೆ ಮೇಪಲ್ ಮರಗಳ ಸಣ್ಣ ಕಾಡು ಶುರುವಾಗುತ್ತದೆ. ಈ ಮನೆಗೆ ಮೊದಲು ಬಂದದ್ದು ಹುಳುಗಳಲ್ಲ, ಕೋಳಿಗಳು. ಅದು ಮಗಳ ಹಟ. ನಮ್ಮ ನಗರಸಭೆ ಹೇಂಟೆ ಸಾಕಲು ಪರವಾನಗಿ ಕೊಡುತ್ತದೆ, ಹುಂಜಕ್ಕೆ ಕೊಡುವುದಿಲ್ಲ. 2021ರ ವಸಂತದಲ್ಲಿ ಮೂರು ಮರಿಗಳು ಬಂದವು. ಬೆಳೆದ ಮೇಲೆ ಅವುಗಳ ಬಣ್ಣ ನೋಡಿ ಮಗಳು ಹೆಸರಿಟ್ಟಳು: ರಾಗಿ, ಬೆಲ್ಲ, ಎಳ್ಳು. ನಮ್ಮದು ಮಾಂಸ ತಿನ್ನದ ಮನೆತನ. ಮೊಟ್ಟೆಯ ವಿಷಯದಲ್ಲಿ ಮಾತ್ರ ಮನೆಯೊಳಗೆ ಎರಡು ಪಕ್ಷ. ಮಗಳೂ ಅವಳ ಅಪ್ಪನೂ ತಿನ್ನುತ್ತಾರೆ, ನಾನು ಬೇಯಿಸಿಕೊಡುತ್ತೇನೆ.

ಬೇಸಿಗೆಯಲ್ಲಿ ಕೋಳಿಗಳು ಹಿತ್ತಲನ್ನೆಲ್ಲ ಕೆದಕಿ ಹುಳಹುಪ್ಪಟೆ ತಿಂದುಕೊಂಡು ಸುಖವಾಗಿದ್ದವು. ನವೆಂಬರ್ ಬಂದಿತು, ನೆಲ ಕಲ್ಲಾಯಿತು. ಇಲ್ಲಿ ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿಯುವ ರಾತ್ರಿಗಳುಂಟು, ಸೆಲ್ಸಿಯಸ್‌ನಲ್ಲಿ ಹೇಳಿದರೆ ಮೈನಸ್ 29. ಹಿತ್ತಲ ಮೂಲೆಯಲ್ಲಿ ರಾಶಿ ಹಾಕಿದ ತರಕಾರಿ ಸಿಪ್ಪೆ ಕೊಳೆಯುವ ಮಾತೇ ಇಲ್ಲ. ಡಿಸೆಂಬರಿನಲ್ಲಿ ಹಾಕಿದ ಬಾಳೆಹಣ್ಣಿನ ಸಿಪ್ಪೆ ಮಾರ್ಚಿಯಲ್ಲಿ ಹಿಮ ಕರಗಿದಾಗ ಹಾಕಿದ ಹಾಗೆಯೇ ಎದ್ದು ಕುಳಿತುಕೊಳ್ಳುತ್ತದೆ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ತಿಪ್ಪೆಯ ಪಕ್ಕದಲ್ಲೇ ಆಡಿ ಬೆಳೆದವಳಿಗೆ ಆ ದೃಶ್ಯ ಸಹಿಸಲಾಗುವಂಥದ್ದಲ್ಲ. ನಮ್ಮ ಕಡೆ ಕಸ ಎಂಬುದು ಕಸವಾಗಿ ಉಳಿಯುವುದೇ ಎಷ್ಟು ದಿನ?

ಇದಕ್ಕೆ ದಾರಿ ತೋರಿಸಿದ್ದು ಇಂಥದ್ದೇ ಚಳಿಯ ಸೀಮೆಯ ಒಬ್ಬ ಅಧ್ಯಾಪಕಿ. ಮಿಶಿಗನ್ ರಾಜ್ಯದ ಕಲಮಝೂ ಊರಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಮೇರಿ ಆ್ಯಪಲ್‌ಹಾಫ್ ಮನೆಯೊಳಗೇ ಎರೆಹುಳು ಸಾಕಿ, ಚಳಿಗಾಲದಲ್ಲೂ ಅಡುಗೆಮನೆಯ ಕಸವನ್ನು ಗೊಬ್ಬರ ಮಾಡಿದವರು. 1982ರಲ್ಲಿ ಅವರು ಬರೆದ 'ವರ್ಮ್ಸ್ ಈಟ್ ಮೈ ಗಾರ್ಬೇಜ್' ಎಂಬ ಪುಸ್ತಕ ಇಂದಿಗೂ ಇಲ್ಲಿ ಹುಳು ಸಾಕುವವರ ಕೈಪಿಡಿ. ನಮ್ಮೂರಿನ ಲೈಬ್ರರಿಯಲ್ಲಿ ಅದು ಸಿಕ್ಕಿತು. ಓದಿ ಮುಗಿಸಿದ ವಾರವೇ ಒಂದು ಪೌಂಡ್ ಹುಳು ಅಂಚೆಯಲ್ಲಿ ಬಂದವು. ಪೆಟ್ಟಿಗೆಯ ಮೇಲೆ 'ಜೀವಂತ ಪ್ರಾಣಿಗಳು' ಎಂದು ಬರೆದಿತ್ತು. ತಂದುಕೊಟ್ಟ ಅಂಚೆಯವರು ಅದನ್ನು ನನ್ನ ಕೈಗೆ ದಾಟಿಸಿದ ವೇಗ ನೋಡಿದರೆ ನಾಗರಹಾವು ತರಿಸಿಕೊಂಡೆನೇನೋ ಎನ್ನಿಸುವಂತಿತ್ತು.

ಪೆಟ್ಟಿಗೆ ಮಾಡುವುದರಲ್ಲಿ ಏನೂ ಗುಟ್ಟಿಲ್ಲ. ಬಟ್ಟೆಬರೆ ತುಂಬಿಡುವ, ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲಾಸ್ಟಿಕ್ ಡಬ್ಬ ಸಾಕು. ಒಳಗೆ ಬೆಳಕು ಹೋಗಬಾರದು, ಆದ್ದರಿಂದ ಪಾರದರ್ಶಕವಾದದ್ದು ಬೇಡ. ಗಾಳಿಗೆ ಪಕ್ಕದಲ್ಲೂ ಮುಚ್ಚಳದಲ್ಲೂ ಸಣ್ಣ ತೂತುಗಳು, ನೀರು ಬಸಿಯಲು ತಳದಲ್ಲಿ ಕೆಲವು, ಅದರ ಕೆಳಗೊಂದು ತಟ್ಟೆ. ಒಳಗೆ ಹರಿದ ನ್ಯೂಸ್‌ಪೇಪರಿನ ಹಾಸಿಗೆ. ಅದನ್ನು ನೀರಿನಲ್ಲಿ ಅದ್ದಿ, ಒಗೆದ ಬಟ್ಟೆಯನ್ನು ಹಿಂಡುವಂತೆ ಹಿಂಡಿ ಉದುರಿಸಬೇಕು. ಒಂದು ಹಿಡಿ ಮಣ್ಣು, ಪುಡಿ ಮಾಡಿದ ಮೊಟ್ಟೆಚಿಪ್ಪು. ಎರೆಹುಳುವಿಗೆ ಹಲ್ಲಿಲ್ಲ. ಕೋಳಿಯ ಹಾಗೆಯೇ ಅದಕ್ಕೂ ಹೊಟ್ಟೆಯೊಳಗೊಂದು ಅರೆಯುವ ಚೀಲವಿದೆ, ಅದಕ್ಕೆ ಸಣ್ಣ ಗಟ್ಟಿ ಪದಾರ್ಥ ಬೇಕು. ಮಣ್ಣಿನಲ್ಲಿ ಆಳಕ್ಕೆ ಬಿಲ ತೋಡುವ ದೊಡ್ಡ ಹುಳು ಈ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ 'ರೆಡ್ ವಿಗ್ಲರ್' ಎನ್ನುವ, ವಿಜ್ಞಾನಿಗಳು ಐಸೀನಿಯ ಫೆಟಿಡಾ ಎನ್ನುವ, ಮೇಲ್ಪದರದ ಕೊಳೆತದ್ದರಲ್ಲೇ ವಾಸಿಸುವ ಸಣ್ಣ ಕೆಂಪು ಹುಳು ಬೇಕು. 55ರಿಂದ 77 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಹಿತ. ಎಂದರೆ ನಮ್ಮ ಬೇಸ್‌ಮೆಂಟು ಅದಕ್ಕೆ ಹೇಳಿ ಮಾಡಿಸಿದ ಜಾಗ.

ಕಷ್ಟವಿರುವುದು ಊಟದ ಪಟ್ಟಿಯಲ್ಲಿ. ಇಲ್ಲಿಯ ಪುಸ್ತಕಗಳು ಇಲ್ಲಿಯ ಅಡುಗೆಮನೆಗಾಗಿ ಬರೆದವು. ನಮ್ಮ ಮನೆಗೆ ಬೇರೆ ಪಟ್ಟಿಯನ್ನೇ ಮಾಡಿಕೊಳ್ಳಬೇಕಾಯಿತು. ಸೊಪ್ಪಿನ ದಂಟು, ಸೋರೆಕಾಯಿಯ ತಿರುಳು, ಫಿಲ್ಟರಿನಲ್ಲಿ ಉಳಿದ ಕಾಫಿಪುಡಿಯ ಚರಟ, ಬಾಳೆಹಣ್ಣಿನ ಸಿಪ್ಪೆ ಆಗುತ್ತವೆ. ಕಿವುಚಿದ ಹುಣಸೆಹಣ್ಣಿನ ಚರಟ, ಹಿಂಡಿದ ನಿಂಬೆಹೋಳು, ಹಸಿಮೆಣಸಿನಕಾಯಿ ತೊಟ್ಟು, ರಾಶಿ ಈರುಳ್ಳಿ ಸಿಪ್ಪೆ ಆಗುವುದಿಲ್ಲ. ಒಗ್ಗರಣೆ ಬಿದ್ದ ಯಾವುದೂ ಆಗುವುದಿಲ್ಲ, ಮೊಸರನ್ನವಂತೂ ಕೂಡದು. ಎರೆಹುಳು ಉಸಿರಾಡುವುದು ಚರ್ಮದಿಂದ. ಉಪ್ಪು, ಹುಳಿ, ಖಾರ, ಎಣ್ಣೆ ಎಲ್ಲವೂ ಅದರ ಮೈಗೆ ನೇರವಾಗಿ ತಾಗುತ್ತವೆ. ನಮ್ಮ ಅಡುಗೆಯ ಜೀವಾಳವೆಲ್ಲ ಅದಕ್ಕೆ ವಿಷ, ನಾವು ಸುಲಿದು ಬಿಸಾಡುವುದೆಲ್ಲ ಅದಕ್ಕೆ ಹಬ್ಬ. ಒಂದು ಪೌಂಡ್ ಹುಳು ದಿನಕ್ಕೆ ಸುಮಾರು ಅರ್ಧ ಪೌಂಡ್ ತಿನ್ನಬಲ್ಲವು ಎನ್ನುತ್ತಾರೆ. ನಾನು ಅದಕ್ಕಿಂತ ಕಡಿಮೆಯೇ ಹಾಕುತ್ತೇನೆ, ಹಾಕಿದ್ದನ್ನು ಹಾಸಿಗೆಯಡಿ ಮುಚ್ಚುತ್ತೇನೆ. ವಾಸನೆ ಬರುವುದು ತಿಂದು ಮುಗಿಸದ ಊಟದಿಂದ. ತಿಂದದ್ದಕ್ಕೆ ಮೊದಲ ಮಳೆಯ ಮಣ್ಣಿನ ವಾಸನೆ.

2022ರ ಮೇ ತಿಂಗಳಲ್ಲಿ ಅಮ್ಮ ಬಂದಳು. ಮಗಳ ಮನೆಯ ಬೇಸ್‌ಮೆಂಟಿನಲ್ಲೊಂದು ತಿಪ್ಪೆ ಇದೆ ಎಂದು ತಿಳಿದು ಅವಳಿಗೆ ಸಂತೋಷವೇ ಆಯಿತು. ಎರೆಹುಳುವಿನ ಬಗ್ಗೆ ಅವಳಿಗೆ ಹೇಳಿಕೊಡುವಂಥದ್ದೇನೂ ಇರಲಿಲ್ಲ. ಅವಳನ್ನು ಬೆಚ್ಚಿಬೀಳಿಸಿದ್ದು ಹಾಸಿಗೆಗೆಂದು ನಾನು ಅಂಗಡಿಯಿಂದ ತಂದ, ಒತ್ತಿ ಇಟ್ಟಿಗೆ ಮಾಡಿದ ತೆಂಗಿನ ನಾರಿನ ಪುಡಿ.

"ಇದನ್ನ ದುಡ್ಡು ಕೊಟ್ಟು ತಂದ್ಯಾ?"

"ಹೂಂನಮ್ಮ."

"ನಮ್ಮ ತೋಟದ ದಾರೀಲಿ ಗುಡ್ಡೆಗುಡ್ಡೆ ಬಿದ್ದಿರುತ್ತಲ್ಲೇ! ಸೂಟ್‌ಕೇಸಲ್ಲಿ ಚಟ್ನಿಪುಡಿ ಬದಲು ಅದನ್ನೇ ತುಂಬ್ಕೊಂಡು ಬರ್ತಿದ್ದೆ."

ಆ ನಗು ಮೂರನೆಯ ದಿನ ನಿಂತಿತು. ಪೆಟ್ಟಿಗೆಯಿಂದ ಒಂದು ಬಟ್ಟಲು ಹುಳು ಆರಿಸಿಕೊಂಡು ನಾನು ಕೋಳಿಗೂಡಿಗೆ ಹೊರಟಿದ್ದೆ. ಅಮ್ಮ ಬಾಗಿಲಲ್ಲೇ ತಡೆದಳು. ಕೋಳಿ ಸಾಕುವುದಕ್ಕೆ ಅವಳ ತಕರಾರಿರಲಿಲ್ಲ, ಮೊಮ್ಮಗಳು ಮೊಟ್ಟೆ ತಿನ್ನುವುದನ್ನೂ ನುಂಗಿಕೊಂಡಿದ್ದಳು. ಇದು ಮಾತ್ರ ಅವಳಿಗೆ ಒಪ್ಪಿಗೆಯಾಗಲಿಲ್ಲ.

"ಅಲ್ಲ ಕಣೆ, ಅನ್ನ ಹಾಕಿ ಸಾಕಿದೋಳೂ ನೀನೇ, ಎತ್ಕೊಂಡು ಹೋಗಿ ಕೊಲ್ಸೋಳೂ ನೀನೇನಾ? ಕೋಳಿ ತಾನಾಗಿ ಕೆದಕಿ ತಿಂದ್ರೆ ಅದರ ಧರ್ಮ. ನೀನು ಎತ್ತಿ ಕೊಟ್ರೆ ನಿನ್ನ ಕರ್ಮ."

ನಾನು ಲೆಕ್ಕ ಒಪ್ಪಿಸಿದೆ. ಹುಳುವಿನ ಮೈಯ ಹೆಚ್ಚುಭಾಗ ನೀರು, ಆ ನೀರು ಬಿಟ್ಟರೆ ಉಳಿಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರೋಟೀನು. ಒಂದು ಹುಳುವಿನ ಮೊಟ್ಟೆಗೂಡಿನಿಂದ ಎರಡು-ಮೂರು ಮರಿ ಬರುತ್ತವೆ, ಎರಡು-ಮೂರು ತಿಂಗಳಲ್ಲಿ ಅವು ಬಲಿಯುತ್ತವೆ, ಕೊಟ್ಟಷ್ಟೂ ಮತ್ತೆ ತುಂಬಿಕೊಳ್ಳುತ್ತವೆ. ಮಗಳು ಇನ್ನೊಂದು ಅಸ್ತ್ರ ತಂದಳು. ಕಿಟ್ಟೆಲ್ ನಿಘಂಟಿನಲ್ಲಿ 'ಎರೆ' ಎಂದರೆ ಪ್ರಾಣಿಗಳ ಆಹಾರ, ಗಾಳಕ್ಕೆ ಸಿಕ್ಕಿಸುವ ತಿನಿಸು ಎಂಬ ಅರ್ಥವಿದೆ. ನಮ್ಮ ಭಾಷೆ ಹುಳುವಿಗೆ ಹೆಸರಿಡುವಾಗಲೇ ಅದು ಇನ್ನೊಂದರ ಊಟ ಎಂದು ಬರೆದುಬಿಟ್ಟಿದೆ ಅಜ್ಜಿ, ಎಂದಳು. ಅಮ್ಮ ಮೊಮ್ಮಗಳ ಕನ್ನಡಕ್ಕೆ ಹೆಮ್ಮೆಪಟ್ಟಳು, ವಾದವನ್ನು ಒಪ್ಪಲಿಲ್ಲ. "ಹೆಸರಿಟ್ಟೋರು ಮೀನು ಹಿಡಿಯೋರಿರಬೇಕು" ಎಂದು ಒಳಗೆ ಹೋದಳು. ಆ ಬೇಸಿಗೆಯೆಲ್ಲ ನಾನು ಹುಳು ಆರಿಸಿ ಕೊಡಲಿಲ್ಲ. ಕೋಳಿಗಳಿಗೆ ಹಿತ್ತಲಿತ್ತು, ಅವಸರವೇನಿರಲಿಲ್ಲ.

ಜುಲೈ ಹೊತ್ತಿಗೆ ಮೊದಲ ಕೊಯ್ಲಿನ ಗೊಬ್ಬರ ಸಿದ್ಧವಾಗಿತ್ತು. ಬೇಲಿಯಂಚಿನ ಹೂಗಿಡಗಳಿಗೆ ಹಾಕಬೇಕೆಂಬ ಯೋಚನೆಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಾಗ ಪಕ್ಕದ ಮನೆಯ ಹಿರಿಯರು, ನಿವೃತ್ತರು, ದಿನಾ ಕಾಡಿನಲ್ಲಿ ನಡೆಯುವವರು, ಅದರಲ್ಲಿ ಹುಳು ಇದೆಯೇ ಎಂದು ಕೇಳಿದರು. ಇದೆ ಎಂದೆ. ಹಾಗಾದರೆ ಹಾಕುವ ಮೊದಲು ನನ್ನ ಜೊತೆ ಒಂದು ಗಂಟೆ ಬನ್ನಿ ಎಂದರು. ಅಮ್ಮನೂ ಮಗಳೂ ಹೊರಟರು.

ಅವರು ನಮ್ಮನ್ನು ಕರೆದೊಯ್ದದ್ದು ಕಾಡಿನೊಳಗೆ ಎರಡು ಜಾಗಕ್ಕೆ. ಮೊದಲನೆಯದರಲ್ಲಿ ಕಾಲಿಟ್ಟರೆ ನೆಲ ಹತ್ತಿಯ ಹಾಸಿಗೆಯಂತೆ ತಗ್ಗುತ್ತಿತ್ತು. ವರ್ಷಾನುಗಟ್ಟಲೆಯ ಎಲೆಗಳು ಪದರಪದರವಾಗಿ ಕೂತಿದ್ದವು. ಅದರೊಳಗೆ ಜರಿಗಿಡ, ಕಾಡುಹೂಗಳ ಎಲೆ, ಬೆರಳುದ್ದದ ಮೇಪಲ್ ಸಸಿಗಳು. ಎರಡನೆಯದು ಕೆರೆಯ ದಡದ ಹತ್ತಿರ, ಮೀನು ಹಿಡಿಯುವವರು ಓಡಾಡುವ ಕಡೆ. ಅಲ್ಲಿ ಮರಗಳು ಅವೇ, ನೆಲ ಮಾತ್ರ ಗುಡಿಸಿದಂತೆ ಬೋಳು. ಗಟ್ಟಿಮಣ್ಣಿನ ಮೇಲೆ ಬೇರುಗಳು ಎದ್ದು ಕಾಣುತ್ತಿದ್ದವು. ಸಸಿಯೊಂದೂ ಇಲ್ಲ. ಇದು ಎರೆಹುಳು ಬಂದ ಜಾಗ, ಅದು ಇನ್ನೂ ಬರದ ಜಾಗ ಎಂದರು ಅವರು.

ಶಾಲೆಯಲ್ಲಿ 'ಎರೆಹುಳು ರೈತನ ಮಿತ್ರ' ಎಂದು ಬರೆದು ಹತ್ತಕ್ಕೆ ಹತ್ತು ತೆಗೆದುಕೊಂಡವಳು ನಾನು. ಡಾರ್ವಿನ್ ಸಾಯುವ ಹಿಂದಿನ ವರ್ಷ, 1881ರಲ್ಲಿ, ಎರೆಹುಳುವಿನ ಮೇಲೆಯೇ ಒಂದು ಪುಸ್ತಕ ಬರೆದು ಅದನ್ನು ಜಗತ್ತಿನ ಉಳುಮೆಗಾರ ಎಂಬಂತೆ ಕೊಂಡಾಡಿದ್ದೂ ಗೊತ್ತಿತ್ತು. ಆದರೆ ಡಾರ್ವಿನ್ ನೋಡಿದ್ದು ಇಂಗ್ಲೆಂಡಿನ ಹುಲ್ಲುಗಾವಲು. ಮಿನೆಸೋಟಾದ ಕಥೆ ಬೇರೆ. ಹಿಮಯುಗದಲ್ಲಿ ಈ ನಾಡಿನ ಮೇಲೆ ಮಂಜಿನ ಹಾಳೆ ಕೂತಿತ್ತು. ಅದು ಹಿಂದೆ ಸರಿದು ಹತ್ತು ಸಾವಿರಕ್ಕೂ ಹೆಚ್ಚು ವರ್ಷವಾಯಿತು. ಆಮೇಲೆ ಇಲ್ಲಿ ಬೆಳೆದ ಕಾಡಿನಲ್ಲಿ ಎರೆಹುಳುವೇ ಇರಲಿಲ್ಲ. ಡಕೋಟಾ ಮತ್ತು ಒಜಿಬ್ವೆ ಜನರ ಈ ನೆಲಕ್ಕೆ ಯುರೋಪಿನವರು ಬಂದಾಗ ಅವರ ಗಿಡಗಳ ಬೇರಿನ ಮಣ್ಣಿನಲ್ಲಿ, ಹಡಗಿನ ತೂಕಕ್ಕೆ ತುಂಬಿದ ಮಣ್ಣಿನಲ್ಲಿ ಹುಳು ಬಂದವು. ಆಮೇಲೆ ಗಾಳ ಹಾಕುವವರು ಮಿಕ್ಕ ಎರೆಯನ್ನು ದಡದಲ್ಲಿ ಸುರಿದು ಕಾಡಿಗೆಲ್ಲ ಹರಡಿದರು. ಎರೆಹುಳು ತಾನಾಗಿ ವರ್ಷಕ್ಕೆ ಕೆಲವು ಮೀಟರ್ ಮಾತ್ರ ಮುಂದೆ ಹೋಗುತ್ತದೆ. ದೂರ ಹೋಗಬೇಕಾದರೆ ಅದಕ್ಕೆ ಮನುಷ್ಯನ ಕೈ ಬೇಕು.

ಅಮ್ಮ ಕುಕ್ಕರಗಾಲಲ್ಲಿ ಕೂತು ಮೊದಲಿನ ಜಾಗದ ಎಲೆರಾಶಿಗೆ ಮೊಣಕೈವರೆಗೆ ಕೈ ತೂರಿಸಿದಳು. ಒಂದು ಹಿಡಿ ತೆಗೆದು ಮೂಸಿದಳು. ಬಿಳಿಯ ಬೂಸ್ಟಿನ ಎಳೆಗಳು ಎಲೆಗಳನ್ನು ಹೊಲಿದಂತೆ ಹಿಡಿದಿದ್ದವು.

"ಇದು ನಿಧಾನಕ್ಕೆ ಉಣ್ಣೋ ನೆಲ ಕಣೆ. ನಮ್ಮ ಹುಳ ಬಂದ್ರೆ ಇದರ ತಟ್ಟೇನೇ ಕಿತ್ಕೊಂಡು ತಿಂದ್ಬಿಡ್ತವೆ" ಎಂದಳು.

ನಾನು ಅದನ್ನು ಇಂಗ್ಲಿಷಿಗೆ ತಂದು ಹೇಳಿದೆ. ಹಿರಿಯರು ತಲೆದೂಗಿ, ಎಲೆಯ ಹಾಸಿಗೆಯನ್ನು ಬೂಸ್ಟು ವರ್ಷಗಟ್ಟಲೆ ಕರಗಿಸುತ್ತದೆ, ಹುಳು ಅದನ್ನು ಕೆಲವೇ ವರ್ಷದಲ್ಲಿ ಮುಗಿಸಿಬಿಡುತ್ತದೆ, ಆಮೇಲೆ ಸಸಿಗೂ ಜಾಗವಿಲ್ಲ, ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗೂ ಮರೆಯಿಲ್ಲ ಎಂದರು. ಇವು ಹೊರಗಿನಿಂದ ಬಂದ ಜೀವಿಗಳು ಎನ್ನುವಾಗ ಅವರು ಒಂದು ಕ್ಷಣ ತಡೆದು, ನನ್ನ ಮುಖ ನೋಡಿ, "ನೀವು ತಂದವಲ್ಲ, ನಾರ್ವೆಯಿಂದ ಬಂದ ನನ್ನ ಮುತ್ತಜ್ಜನಂಥವರು ತಂದವು" ಎಂದು ಸೇರಿಸಿದರು. ಆ ಸೌಜನ್ಯ ನನಗೆ ಇಷ್ಟವಾಯಿತು, ಚುಚ್ಚಿತು ಕೂಡ. ಹೊರಗಿನಿಂದ ಬಂದದ್ದು, ತಡೆಯಬೇಕಾದದ್ದು ಎಂಬ ಮಾತುಗಳು ಈ ದೇಶದಲ್ಲಿ ಹುಳುವಿಗಷ್ಟೇ ಬಳಕೆಯಾಗುವುದಿಲ್ಲ. ವೀಸಾದ ಸಾಲಿನಲ್ಲಿ ನಿಂತ ಯಾರಿಗೂ ಅದು ಗೊತ್ತು.

ಆ ರಾತ್ರಿ ಬೇಸ್‌ಮೆಂಟಿನಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡುತ್ತ ಕೂತೆ. ಬೆಳಕು ಬಿದ್ದೊಡನೆ ಎಲ್ಲವೂ ಕೆಳಗಿಳಿದವು. ಹುಳುವಿನಲ್ಲಿ ವಲಸೆಗಾರನನ್ನು ಕಾಣುವುದು ಬರೆಯುವವರಿಗೆ ಸುಲಭ. ಆದರೆ ಆ ಹೋಲಿಕೆ ನನಗೆ ಒಗ್ಗಲಿಲ್ಲ. ಎರೆಹುಳು ತಿಪಟೂರಿನಲ್ಲಿ ಮಾಡುವ ಕೆಲಸವನ್ನೇ ಇಲ್ಲೂ ಮಾಡುತ್ತದೆ. ಅಲ್ಲಿ ಅದು ಪುಣ್ಯ, ಇಲ್ಲಿ ಕಾಡಿನೊಳಗೆ ಅನಾಹುತ. ಯಾವ ನೆಲದಲ್ಲಿದ್ದೇನೆ ಎಂದು ಯಾರನ್ನಾದರೂ ಕೇಳಿ ತಿಳಿದುಕೊಳ್ಳುವ ದಾರಿ ಅದಕ್ಕಿಲ್ಲ. ನನಗಿದೆ. ಹೊಸ ಊರಿನಲ್ಲಿ ಬಾಳುವವರ ಮೇಲಿರುವ ಋಣ ಇಷ್ಟೇ ಇರಬಹುದು: ಊರಿನಿಂದ ತಂದ ಒಳ್ಳೆಯತನ ಇಲ್ಲೂ ಒಳ್ಳೆಯದೇ ಆಗುತ್ತದೆಯೇ ಎಂದು ಒಮ್ಮೆ ವಿಚಾರಿಸುವುದು. ಈ ಋಣ ನನಗೆ ಎಷ್ಟಿದೆಯೋ ನಾರ್ವೆಯ ಮುತ್ತಜ್ಜನಿಗೂ ಅಷ್ಟೇ ಇತ್ತು.

ಪೆಟ್ಟಿಗೆಯ ಕೆಂಪು ಹುಳು ಈ ಕಾಡಿನ ಮುಖ್ಯ ಅಪರಾಧಿಯೇನಲ್ಲ. ಸಾಮಾನ್ಯವಾಗಿ ಅದು ಇಲ್ಲಿಯ ಹೊರಗಿನ ಚಳಿಯನ್ನು ತಾಳುವುದಿಲ್ಲ. ಆದರೆ ಮಾರಾಟಕ್ಕೆ ಬರುವ ಹುಳುಗಳಲ್ಲಿ ಬೇರೆ ಜಾತಿಯವು ಬೆರೆತಿರುವುದುಂಟು, ಚಳಿ ತಡೆಯುವ ಮೊಟ್ಟೆಗೂಡುಗಳೂ ಉಂಟು. ಹಾಗಾಗಿ ಬೇಲಿಯಂಚಿಗೆ ಗೊಬ್ಬರ ಹೋಗಲಿಲ್ಲ. ಬಕೆಟಿನಲ್ಲೇ ಉಳಿಯಿತು.

ಅಕ್ಟೋಬರಿನಲ್ಲಿ ರಾಗಿ ಗರಿ ಉದುರಿಸತೊಡಗಿತು. ಮರಿಯಾಗಿ ಬಂದ ಮೇಲೆ ಇದು ಅದರ ಎರಡನೆಯ ಶರತ್ಕಾಲ. ಹಗಲು ಕುಗ್ಗಿದಾಗ ಕೋಳಿ ಹಳೆಯ ಗರಿ ಬಿಟ್ಟು ಹೊಸದನ್ನು ತೊಡುತ್ತದೆ, ಮೊಟ್ಟೆ ನಿಲ್ಲಿಸುತ್ತದೆ. ಗರಿ ಎಂದರೆ ಬಹುಪಾಲು ಪ್ರೋಟೀನು. ಮೊಟ್ಟೆಕೋಳಿಗೆ ಹಾಕುವ ಅಂಗಡಿಯ ಕಾಳಿನಲ್ಲಿರುವುದು ನೂರಕ್ಕೆ 16ರಷ್ಟು. ಆ ಕಾಲಕ್ಕೆ ಅದು ಸಾಲುವುದಿಲ್ಲ. ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟತೊಡಗಿತ್ತು, ರಾಗಿಯ ಕುತ್ತಿಗೆ ಬರಿದಾಗಿ ನಡುಗುತ್ತಿತ್ತು. ಅಮ್ಮ ಎರಡು ದಿನ ಕಿಟಕಿಯಿಂದ ನೋಡಿದಳು. ಮೂರನೆಯ ದಿನ ನಾನು ಕೆಲಸ ಮುಗಿಸಿ ಬಂದಾಗ ಕೋಳಿಗೂಡಿನೊಳಗೆ ಅಗಲವಾದ ತಗಡಿನ ತಟ್ಟೆ, ಅದರ ತುಂಬ ಪೆಟ್ಟಿಗೆಯಿಂದ ಮೊಗೆದು ತಂದ ಗೊಬ್ಬರ. ಮೂರೂ ಕೋಳಿಗಳು ತಟ್ಟೆಯೊಳಗೆ ನಿಂತು ಧೂಳೆಬ್ಬಿಸುತ್ತಿದ್ದವು.

"ಅಮ್ಮಾ, ಏನಿದು?"

"ನಾನು ಗೊಬ್ಬರ ಹಾಕ್ದೆ. ಅವು ಕೆದಕಿಕೊಂಡ್ವು" ಎಂದಳು ಅಮ್ಮ, ನನ್ನ ಕಡೆ ನೋಡದೆ.

ಧರ್ಮಕ್ಕೂ ಕರ್ಮಕ್ಕೂ ನಡುವೆ ಒಂದು ತಗಡಿನ ತಟ್ಟೆಯಷ್ಟು ಜಾಗವಿದೆ ಎಂದು ಅಂದು ತಿಳಿಯಿತು. ಆ ವಿಧಾನವೇ ನಮ್ಮ ಮನೆಯ ಪದ್ಧತಿಯಾಯಿತು. ಕೊಯ್ಲಿಗೆ ಬಂದ ಗೊಬ್ಬರವನ್ನು ದೀಪದಡಿ ಗುಡ್ಡೆ ಮಾಡಿದರೆ ಹುಳುಗಳು ಬೆಳಕಿಗೆ ಹೆದರಿ ತಳ ಸೇರುತ್ತವೆ. ಬಹುಪಾಲನ್ನು ಹೊಸ ಹಾಸಿಗೆಗೆ ಬಿಟ್ಟು, ಉಳಿದದ್ದನ್ನು ತಟ್ಟೆಗೆ ಸುರಿಯುತ್ತೇನೆ. ಕೋಳಿಗಳು ಕಣ್ಣಿಗೆ ಬಿದ್ದ ಒಂದು ಹುಳುವನ್ನೂ ಬಿಡುವುದಿಲ್ಲ. ಆಮೇಲೆ ಆ ಗೊಬ್ಬರ ಬಕೆಟಿನಲ್ಲಿ ಜನವರಿ, ಫೆಬ್ರುವರಿ ಪೂರ್ತಿ ಹೊರಗೆ ಹೆಪ್ಪುಗಟ್ಟಿ ಕೂರುತ್ತದೆ. ವಸಂತದಲ್ಲಿ ಅದು ಹೋಗುವುದು ಮನೆ ಮುಂದಿನ, ಕಾಡಿನಿಂದ ದೂರದ, ಹಲಗೆ ಕಟ್ಟಿದ ಮಡಿಗಳಿಗೆ ಮಾತ್ರ. ದಂಟು, ಮೆಂತ್ಯ, ಬದನೆ, ನಾಲ್ಕು ಸಾಲು ಅವರೆ.

ಅಮ್ಮ ಊರಿಗೆ ಹೊರಡುವ ಮೊದಲು ದೀಪಾವಳಿ ಬಂತು. ಬಲಿಪಾಡ್ಯಮಿಯ ಸಂಜೆ ನಮ್ಮ ಕಡೆ ತಿಪ್ಪೆಗೂ ಒಂದು ದೀಪ ಇಡುತ್ತಾರೆ. ಅಮ್ಮ ಹಣತೆ ಹಿಡಿದು ಬೇಸ್‌ಮೆಂಟಿಗೆ ಇಳಿದಳು. "ಬೆಳಕು ಕಂಡ್ರೆ ಅವು ಓಡ್ತವೆ ಅಜ್ಜಿ" ಎಂದಳು ಮಗಳು. "ಮುಚ್ಚಳ ಮುಚ್ಚಿದೀನಲ್ಲ, ನಿಮ್ಮ ಸ್ಮೋಕ್ ಅಲಾರಂ ಓಡದಿದ್ರೆ ಸಾಕು" ಎಂದಳು ಅಮ್ಮ.

ಊರು ಮುಟ್ಟಿದ ಮೇಲೆ ಅವಳು ತಮ್ಮನನ್ನು ವಿಚಾರಿಸಿ ಫೋನು ಮಾಡಿದಳು. ನಮ್ಮ ತೆಂಗಿನ ತೋಟದ ಎರೆಗೊಬ್ಬರದ ತೊಟ್ಟಿಯಲ್ಲಿರುವುದೂ ಊರಿನ ಹುಳುವಲ್ಲವಂತೆ, ಆಫ್ರಿಕಾದ್ದಂತೆ. ಅದು ನಿಜ. ಯೂಡ್ರಿಲಸ್ ಯುಜೀನಿಯೆ ಎಂಬ ಆ ಹುಳು ಪಶ್ಚಿಮ ಆಫ್ರಿಕಾದ್ದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆ ಮತ್ತು ಜೊತೆಗಾರರು 1980ರ ದಶಕದಲ್ಲಿ ಎರೆಗೊಬ್ಬರದ ಮೇಲೆ ನಡೆಸಿದ ಕೆಲಸದಿಂದ ಅದು ಕರ್ನಾಟಕದ ರೈತರಿಗೆ ಪರಿಚಯವಾಯಿತು. ನಮ್ಮ ನೆಲದಲ್ಲಿ ಮೊದಲಿನಿಂದಲೂ ತನ್ನದೇ ಎರೆಹುಳುಗಳಿವೆ, ಹುಳುವಿನ ಕೆಲಸ ಆ ಮಣ್ಣಿಗೆ ಹೊಸದಲ್ಲ. "ಅಂತೂ ಇಲ್ಲೂ ಹೊರಗಿನೋರೇ, ಅಲ್ಲೂ ಹೊರಗಿನೋರೇ" ಎಂದು ಅಮ್ಮ ನಕ್ಕಳು.

ಈಗ ನಮ್ಮ ಕನ್ನಡ ಬಳಗದ ನಾಲ್ಕು ಮನೆಗಳಲ್ಲಿ ನಮ್ಮ ಪೆಟ್ಟಿಗೆಯ ಸಂತತಿ ಇದೆ. ಮೊಸರಿಗೆ ಹೆಪ್ಪು ಕೇಳಿದಂತೆ ಕೇಳುತ್ತಾರೆ, ಒಂದು ಡಬ್ಬಿ ಕೊಡುತ್ತೇನೆ. ಕೊಡುವಾಗ ಮೂರು ಮಾತು ಹೇಳುತ್ತೇನೆ. ಒಂದು, ಮುಟ್ಟಿದೊಡನೆ ಹಾವಿನಂತೆ ಹೊರಳಿ ಚಿಮ್ಮುವ, ಕೊರಳ ಸುತ್ತ ಬಿಳಿಯ ನುಣುಪು ಪಟ್ಟಿಯಿರುವ ಹುಳು ಕಂಡರೆ ಅದು ಏಷ್ಯಾದಿಂದ ಬಂದ 'ಜಂಪಿಂಗ್ ವರ್ಮ್'. ಅದನ್ನು ಯಾವ ಕಾರಣಕ್ಕೂ ಉಳಿಸಿಕೊಳ್ಳಬೇಡಿ. ಎರಡು, ಕೋಳಿಯ ಹಸಿ ಹಿಕ್ಕೆಯನ್ನು ಪೆಟ್ಟಿಗೆಗೆ ಹಾಕಬೇಡಿ, ಅದರ ಅಮೋನಿಯಾಕ್ಕೆ ಹುಳು ಸಾಯುತ್ತವೆ. ಮೂರು, ಸಾಕು ಎನಿಸಿದ ದಿನ ಇವನ್ನು ಕಾಡಿನಂಚಿಗೆ ಸುರಿದು ಪುಣ್ಯ ಬಂತೆಂದುಕೊಳ್ಳಬೇಡಿ. ನನಗೆ ಫೋನು ಮಾಡಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.